ಹಾಲುವಾಣದ ಮೇಲಿನ ದನಿ

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ಯಾರು ಹೇಳಿದರೋ, ಅವರಿಗೆ ಹಿತ್ತಲಾದರೂ ಇತ್ತು. ಬ್ಯಾಂಕಿನವನನ್ನು ಮದುವೆಯಾದ ಸುಮಿತ್ರಾಗೆ ಊರೇ ಸ್ವಂತದ್ದಲ್ಲ, ಇನ್ನು ಹಿತ್ತಲೆಲ್ಲಿಂದ ಬರಬೇಕು? ಅರಸೀಕೆರೆಯಿಂದ ಹೊರಟವಳು ಗಂಡನ ವರ್ಗಾವಣೆಯ ಬೆನ್ನು ಹತ್ತಿ ಊರೂರು ಸುತ್ತಿ, ಕೊನೆಗೆ ವಿಜಯವಾಡದಲ್ಲಿ, ಬೆಂಜ್ ಸರ್ಕಲ್ಲಿಗೆ ಕೂಗಳತೆಯಲ್ಲಿದ್ದ ಒಂದು ಫ್ಲ್ಯಾಟಿನಲ್ಲಿ ಬೇರು ಬಿಟ್ಟಿದ್ದಳು. ಅಲ್ಲಿನ ಬಾಲ್ಕನಿಯಲ್ಲಿ ತುಳಸಿ ಕೂಡ ಬೇಸಿಗೆ ದಾಟುತ್ತಿರಲಿಲ್ಲ. ಹಕ್ಕಿ ಅಂದರೆ ಪಾರಿವಾಳ, ಅದು ಬರುತ್ತಿದ್ದದ್ದೂ ಏಸಿ ಡಬ್ಬದ ಮೇಲೆ ಗಲೀಜು ಮಾಡುವುದಕ್ಕೆ.

ಅಲ್ಲಿದ್ದಾಗಲೇ ಒಂದು ಮಧ್ಯಾಹ್ನ ಗಂಡ ಧನಂಜಯ ಬ್ರಾಂಚಿನ ಮೆಟ್ಟಿಲ ಮೇಲೆ ನಿಂತು ಅವಳಿಗೆ ಫೋನ್ ಮಾಡಿದ. ಹಿಂದೆ ಬಸ್ಸೊಂದು ಒಂದೇ ಸಮನೆ ಹಾರನ್ ಹೊಡೆಯುತ್ತಿತ್ತು. "ಸುಮಿ, ಬಲಗೈ ಯಾಕೋ ಎತ್ತಕ್ಕೇ ಆಗ್ತಿಲ್ಲ ಕಣೇ. ಹೆದರ್ಕೋಬೇಡ" ಅಂದ. ಅವನು ಬಾಯಿ ತುಂಬ ಆಡಿದ ಕೊನೆಯ ಮಾತು ಅದು. ಸ್ಟ್ರೋಕ್ ಆಗಿ ಆಸ್ಪತ್ರೆ ಸೇರಿ ಮನೆಗೆ ಬಂದ ಗಂಡನಿಗೆ ಬಲಭಾಗ ಸ್ವಾಧೀನ ತಪ್ಪಿತ್ತು, ಮಾತೆಲ್ಲ ಹೋಗಿ ಒಂದೇ ಒಂದು ಉಳಿದಿತ್ತು. "ಇಲ್ನೋಡು."

ಅದು ಮೊದಲಿನಿಂದಲೂ ಅವನ ಪಲ್ಲವಿ. ಪೇಪರಿನಲ್ಲಿ ತಮಾಷೆ ಕಂಡರೂ "ಇಲ್ನೋಡು", ಸಾರಿಗೆ ಉಪ್ಪು ಕಡಿಮೆಯಾದರೂ "ಇಲ್ನೋಡು". ಈಗ ನೀರಿಗೂ ನೋವಿಗೂ ಹಸಿವಿಗೂ ಅದೇ ಆಯಿತು, ಅದೂ ತೊದಲಿ, ನಾಲಿಗೆ ಎಡವಿ. ಅಲ್ಲಿನ ಸ್ಪೀಚ್ ಥೆರಪಿಯ ಹುಡುಗಿ ಅವಳಿಗೆ ಬಿಡಿಸಿ ಹೇಳಿದ್ದಳು. "ಈ ಒಂದು ಮಾತನ್ನ ಬಿಡಬೇಡಿ ಆಂಟಿ. ಅವರು ಹೇಳಿದಾಗೆಲ್ಲ ಉತ್ತರ ಕೊಡಿ. ಇದರ ಹಿಂದೇನೇ ಉಳಿದಿದ್ದು ಬರಬೇಕು. ಇದೂ ಹೋದ್ರೆ ಕಷ್ಟ."

ಉತ್ತರ ಕೊಡುವುದನ್ನು ಸುಮಿತ್ರಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕರೆದವರಿಗೆ ಓಗೊಡದೆ ಕೂತರೆ ಮನೆಗೆ ಒಳ್ಳೆಯದಾಗಲ್ಲ ಅಂತ ಅವಳ ಅವ್ವ ಚಿಕ್ಕಂದಿನಲ್ಲೇ ಬಾಯಿಗೆ ರೂಢಿ ಮಾಡಿಸಿದ್ದಳು. ಗಂಡ "ಇಲ್ನೋಡು" ಅಂದರೆ, ಒಲೆಯ ಮುಂದಿದ್ದರೂ ಬಚ್ಚಲಲ್ಲಿದ್ದರೂ, ಅವಳ ಬಾಯಿಂದ ತಾನಾಗಿ "ಬಂದೆ ರೀ, ಬಂದೆ" ಹೊರಡುತ್ತಿತ್ತು. ಮನೆಯಲ್ಲಿ ಇನ್ನು ಉಳಿದ ಸಂಸಾರ ಅಂದರೆ ಈ ಎರಡು ಮಾತೇ.

ಮಗಳು ಗಗನಾ ಇರುವುದು ವಿಶಾಖಪಟ್ಟಣದಲ್ಲಿ. ಅವಳ ಗಂಡ ಸಾಯಿಕಿರಣ್ ತೆಲುಗಿನವನು. ಅವಳ ಕನ್ನಡವೂ ಈಗ ಅಮ್ಮನ ಜೊತೆ ಆಡುವಷ್ಟೇ, ತೆಲುಗು ಊರುಗಳಲ್ಲೇ ಬೆಳೆದು ಅಪ್ಪನನ್ನು ಚಿಕ್ಕಂದಿನಿಂದ ನಾನ್ನಾ ಅಂತಲೇ ಕರೆದವಳು. ಅವಳೇ ಓಡಾಡಿ ಸಿಂಹಾಚಲಂ ಬೆಟ್ಟದ ಹಿಂಬದಿಯ ಬುಡದಲ್ಲಿ ಒಂದು ಮನೆ ನೋಡಿ ಇಬ್ಬರನ್ನೂ ಕರೆಸಿಕೊಂಡಳು. ಕೆಳಗಿನ ಮನೆ ಬಾಡಿಗೆಗೆ. ಮಹಡಿಯ ಮೇಲೆ ಮನೆಯೊಡತಿ ಲಕ್ಷ್ಮೀಕಾಂತಮ್ಮ ಒಬ್ಬರೇ. ಅವರ ಅತ್ತೆ ಬಳ್ಳಾರಿಯವರಂತೆ, ಆ ಅತ್ತೆಯ ಬೈಗುಳದಿಂದಲೇ ಕನ್ನಡ ಕಲಿತೆ ಅಂತ ಅವರೇ ನಗುತ್ತ ಹೇಳಿಕೊಳ್ಳುತ್ತಿದ್ದರು. ಮನೆಯ ಹಿಂದೆ ಬೆಟ್ಟದ ಕಾಡಿನವರೆಗೂ ಚಾಚಿದ ಖಾಲಿ ಜಾಗವಿತ್ತು.

"ಅಮ್ಮಾ, ನಾನ್ನಾ ಮಂಚ ಕಿಟಕಿ ಪಕ್ಕ ಹಾಕೋಣ. ಹಿಂದೆ ಗಿಡ ಹಾಕು, ಪಕ್ಷಿಗಳು ಬರ್ತಾವೆ. ಅವನ್ನ ನೋಡ್ತಾ ಏನಾದ್ರೂ ಮಾತು ಬರಬಹುದು ಕದಾ" ಅಂದಳು ಗಗನಾ.

ಸುಮಿತ್ರಾ ಮೊದಲು ನರ್ಸರಿಗೆ ಹೋಗಿ ಬಣ್ಣಬಣ್ಣದ ಹೂವಿನ ಕುಂಡ ತಂದು ಸಾಲಾಗಿ ಜೋಡಿಸಿದಳು. ಒಂದು ಹಕ್ಕಿ ತಿರುಗಿ ನೋಡಿದ್ದರೆ ಕೇಳಿ! ಹೊರದೇಶದ ಆ ಹೂಗಳಲ್ಲಿ ಜೇನೂ ಇಲ್ಲ, ಎಲೆಯಲ್ಲಿ ಹುಳುವೂ ಇಲ್ಲ. ಮದುವೆಮನೆಯ ಪ್ಲಾಸ್ಟಿಕ್ ತೋರಣಕ್ಕೂ ಅದಕ್ಕೂ ಏನು ವ್ಯತ್ಯಾಸ? ಅವಳಿಗೆ ಸಿಟ್ಟು ಬಂತು. ಕುಂಡಗಳನ್ನೆಲ್ಲ ಎತ್ತಿ ಮಗಳ ಫ್ಲ್ಯಾಟಿಗೆ ಸಾಗಹಾಕಿ, ಬೆಟ್ಟದ ಮಣ್ಣಿಗೆ ಒಗ್ಗಿದ್ದನ್ನೇ ನೆಟ್ಟಳು. ಬೇಲಿಯ ಉದ್ದಕ್ಕೂ ಆಡುಸೋಗೆ, ಮುಳ್ಳು ಮುಳ್ಳಾದ ಕವಳಿ, ಒಂದು ಮೂಲೆಗೆ ಕೇಪಳ, ಇನ್ನೊಂದಕ್ಕೆ ಪಾರಿಜಾತ. ಕಿಟಕಿಗೆ ನೇರ ಎದುರಿಗೆ ಹಾಲುವಾಣದ ಒಂದು ಗೂಟ ಊರಿದಳು. ಬೆಟ್ಟದ ಬುಡದಲ್ಲಿ ಯಾರೋ ಕಡಿದು ಬಿಸಾಡಿದ್ದ ಕೊಂಬೆ ಅದು. ಒಣಗೂಟ ಅಂದುಕೊಂಡದ್ದು ಮಳೆ ಬಿದ್ದೊಡನೆ ಚಿಗುರಿ, ನೋಡನೋಡುತ್ತ ಮಹಡಿಯ ಎತ್ತರಕ್ಕೆ ಏರಿತು. ಉದುರಿದ ಎಲೆಯನ್ನು ಗುಡಿಸಬೇಡ, ಅದರ ಕೆಳಗೇ ಹುಳು ಇರುವುದು ಅಂತ ಗಗನಾ ಹೇಳಿದ್ದರಿಂದ ಕಸಬರಿಕೆಯನ್ನೂ ಅತ್ತ ಒಯ್ಯಲಿಲ್ಲ.

ಹಕ್ಕಿಗಳು ಬಂದವು. ಆಡುಸೋಗೆಗೆ ಸೂರಕ್ಕಿ, ಕವಳಿ ಹಣ್ಣಿಗೆ ಪಿಕಳಾರ, ತರಗೆಲೆ ಕೆದಕುವುದಕ್ಕೆ ಹರಟೆಮಲ್ಲಗಳ ಗುಂಪು. ಈ ಹರಟೆಮಲ್ಲಗಳು ಹೆಸರಿಗೆ ತಕ್ಕ ಹಾಗೆ, ಮೆಸ್ಸಿನ ಬಾಗಿಲಲ್ಲಿ ಕಾಯುವ ಕ್ಲಾರ್ಕುಗಳಂತೆ ಒಂದರ ಮೇಲೊಂದು ಬಿದ್ದು ಗದ್ದಲವೆಬ್ಬಿಸುತ್ತಿದ್ದವು. ದಿಂಬಿಗೊರಗಿ ಕೂತ ಧನಂಜಯ ಎಡಗೈ ಎತ್ತಿ ತೋರಿಸುತ್ತಿದ್ದ. "ಇಲ್... ನೋಡು." ಸುಮಿತ್ರಾ "ಬಂದೆ ರೀ" ಅನ್ನುತ್ತ ಬಂದು ನೋಡುತ್ತಿದ್ದಳು. ಗಂಡ ಬಾಯಿ ಸೊಟ್ಟ ಮಾಡಿಕೊಂಡು ನಗುವುದನ್ನು ನೋಡಿ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬರುತ್ತಿತ್ತು. ಅಷ್ಟು ಸುಖ ಸಾಕಾಗಿತ್ತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಎರಡನೆಯ ಮಾಘದಲ್ಲಿ ಹಾಲುವಾಣ ಎಲೆಯೆಲ್ಲ ಉದುರಿಸಿ ಕೆಂಪಗೆ ಹೂಬಿಟ್ಟಿತು. ಆಗ ಬೆಟ್ಟದಿಂದ ಭೀಮರಾಜ ಇಳಿದು ಬಂತು. ಕಪ್ಪಗೆ ಮಿರಮಿರ ಮಿಂಚುವ ಹಕ್ಕಿ, ಬಾಲದ ಎರಡು ಎಳೆ ಉದ್ದಕ್ಕೆ ಇಳಿಬಿದ್ದು ತುದಿಯಲ್ಲಿ ಗೊಂಡೆ ಕಟ್ಟಿದ ಹಾಗೆ. ಅದು ಹಾರಿದರೆ ಹಿಂದೆ ಎರಡು ದುಂಬಿ ಅಟ್ಟಿಸಿಕೊಂಡು ಬಂದಂತೆ ಕಾಣುತ್ತಿತ್ತು. ಅಣಕಿಸುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಬಂದ ವಾರದಲ್ಲೇ ಗೇಟಿನ ಚಿಲಕದ ಕಿರುಗುಟ್ಟು ಕಲಿತಿತು, ಆಮೇಲೆ ಕುಕ್ಕರಿನ ಸೀಟಿ. ಸುಮಿತ್ರಾ ಎರಡು ಸಲ ಅನ್ನ ಬೆಂದಿತೆಂದು ಒಲೆ ಆರಿಸಿ ಮೋಸಹೋದಳು.

ಆದರೆ ಅದರ ನಿಜವಾದ ಕಸುಬು ಬೇರೆ. ಹರಟೆಮಲ್ಲವೊಂದು ತರಗೆಲೆಯಡಿಯಿಂದ ದಪ್ಪ ಹುಳುವನ್ನು ಎಳೆದಾಗ, ಭೀಮರಾಜ ಕೊಂಬೆಯ ಮೇಲೆ ಕೂತು, ಗಿಡುಗ ಬಂದಾಗ ಹರಟೆಮಲ್ಲಗಳೇ ಕೂಗಿಕೊಳ್ಳುವಂತೆ ಕೂಗುತ್ತಿತ್ತು. ಅವು ಬಾಯಲ್ಲಿದ್ದದ್ದನ್ನು ಬಿಟ್ಟು ಪೊದೆಗೆ ನುಗ್ಗುತ್ತಿದ್ದವು. ಗಿಡುಗವೂ ಇಲ್ಲ, ಮಣ್ಣೂ ಇಲ್ಲ. ಈ ಮಹರಾಯ ನಿಧಾನವಾಗಿ ಇಳಿದು, ಬಿದ್ದ ಹುಳುವನ್ನು ನುಂಗಿ, ಮೇಲೆ ಹೋಗಿ ಕೂರುತ್ತಿತ್ತು.

"ಕಳ್ಳ! ನೋಡಿ ರೀ, ಎಂಥಾ ಕಳ್ಳ ಇದು!" ಅಂತ ಸುಮಿತ್ರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಧನಂಜಯ ನಗಲಿಲ್ಲ. ಹಕ್ಕಿಯನ್ನೇ ನೋಡುತ್ತ ಕೂತಿದ್ದ.

ಮುಂದಿನದು ಕೆಮ್ಮು. ಗಂಡನಿಗೆ ಊಟವಾದ ಮೇಲೆ ಒಂದು ಒಣಕೆಮ್ಮು ಬರುತ್ತಿತ್ತು. ಅದು ಈಗ ಮರದಿಂದ ಕೇಳಿಸಿತು. ಅದಾದ ಮೇಲೆ ಧನಂಜಯ ಕೆಮ್ಮಿದ್ದು ಅವಳಿಗೆ ನೆನಪಿಲ್ಲ. ವಾಸಿಯಾಯಿತು ಅಂದುಕೊಂಡು, ಲಕ್ಷ್ಮೀಕಾಂತಮ್ಮ ತಂದುಕೊಟ್ಟ ಅನಕಾಪಲ್ಲಿ ಬೆಲ್ಲ ಹಾಕಿ ಕಷಾಯ ಕುಡಿಸಿದ್ದರ ಗುಣ ಅಂತ ಹೆಮ್ಮೆಪಟ್ಟುಕೊಂಡಳು. ಆಮೇಲೆ ಸ್ನಾನ ಮಾಡಿಸುವಾಗ ಗಂಡ ಗುನುಗುವುದು ನಿಂತಿತು. ಅದೂ ಮರದಿಂದ ಕೇಳಿತು. ಇವನು ಇಲ್ಲಿ ಬಾಯಿ ಮುಚ್ಚಿದ್ದಕ್ಕೂ ಅದು ಅಲ್ಲಿ ಬಾಯಿ ಬಿಟ್ಟಿದ್ದಕ್ಕೂ ಸಂಬಂಧ ಇರಬಹುದೆಂದು ಯಾರಿಗಾದರೂ ಯಾಕೆ ಹೊಳೆಯಬೇಕು?

ಒಂದು ದಿನ ಅವಳು ಒಗೆದ ಬಟ್ಟೆ ಹಿಂಡುತ್ತಿದ್ದಾಗ ಹಾಲುವಾಣದಿಂದ ದನಿ ಬಂತು. "ಇಲ್ನೋಡು!"

ತೊದಲಿದ್ದಲ್ಲ. ಅದು ಈಗಿನ ಗಂಡನ ದನಿಯಲ್ಲ, ಬ್ಯಾಂಕಿಗೆ ಇಸ್ತ್ರಿ ಷರಟು ಹಾಕಿಕೊಂಡು ಹೊರಡುತ್ತಿದ್ದವನ ದನಿ. ಗಂಟಲು ತುಂಬಿದ, ಸ್ವಲ್ಪ ದರ್ಪದ, ನಗು ಬೆರೆತ ದನಿ. ಸುಮಿತ್ರಾ ಕೈಯಲ್ಲಿದ್ದ ಸೀರೆ ಬಿಟ್ಟಳು. ಬಾಯಿ ಮಾತ್ರ ತನ್ನ ರೂಢಿ ಬಿಡಲಿಲ್ಲ.

"ಬಂದೆ ರೀ, ಬಂದೆ."

ಅಂದಿನಿಂದ ಅವಳ ಹಗಲೆಲ್ಲ ಮರದ ಕೆಳಗೆ. "ಸುಮೀ, ಕಾಫಿ ಆಯ್ತಾ?" ಅನ್ನುತ್ತಿತ್ತು ಮರ. "ಬಂದೆ ರೀ." "ಸುಮೀ, ಹೋಗ್ಬರ್ಲಾ?" "ಹೋಗ್ಬನ್ನಿ." ಅದು ಅಂದದ್ದಕ್ಕೆಲ್ಲ ಅವಳು ಉತ್ತರ ಕೊಟ್ಟಳು. ಹಕ್ಕಿ ತಲೆ ಓರೆ ಮಾಡಿ ಅವಳ ತುಟಿಯನ್ನೇ ನೋಡುತ್ತಿತ್ತು. ನಾಚಿಕೆಯ ಮಾತಾದರೂ ಹೇಳಿಬಿಡಬೇಕು, ಅವಳು ತಲೆ ಬಾಚಿಕೊಂಡು, ಹೂ ಮುಡಿದು ಹಿತ್ತಲಿಗೆ ಹೋಗತೊಡಗಿದಳು. ಒಳಗೆ ಮಂಚದ ಮೇಲಿದ್ದವನಿಗೆ ಬೆನ್ನು ತಿಕ್ಕಿ, ಹಾಸಿಗೆ ಬದಲಿಸಿ, ಊಟ ಮಾಡಿಸಿ ಮುಗಿಸುವುದು ಕೆಲಸ. ಹೊರಗೆ ಮರದ ಮೇಲಿದ್ದವನ ಜೊತೆ ಸಂಸಾರ.

ಗಗನಾ ಬಂದಾಗ ಅವಳಿಗೂ ಆ ದನಿ ಕೇಳಿತು. ಮುಖ ಬಿಳಿಚಿತು. ಆದರೆ ಓದಿದ ಹುಡುಗಿ, ಕಾರಣ ಹುಡುಕದೆ ಬಿಡುತ್ತಾಳೆಯೇ? "ನೀನೇ ಡೈಲಿ ನಾನ್ನಾ ಹಳೇ ವಿಡಿಯೋಲು ಸೌಂಡ್ ಜೋರಾಗಿ ಇಟ್ಟು ತೋರಿಸ್ತೀಯಲ್ಲಮ್ಮಾ. ಅದನ್ನ ಕೇಳಿ ಕಲ್ತಿದೆ, ಅಷ್ಟೇ." ಹೌದಲ್ಲ, ಸರಿ ಅಂತ ಸುಮಿತ್ರಾಗೂ ಅನ್ನಿಸಿತು.

ಲಕ್ಷ್ಮೀಕಾಂತಮ್ಮನಿಗೆ ಮಾತ್ರ ಅನ್ನಿಸಲಿಲ್ಲ. ಮಹಡಿಯಿಂದ ಇಳಿದು ಬಂದು, ಮರಕ್ಕೆ ಬೆನ್ನು ಹಾಕಿ ನಿಂತು, ದನಿ ತಗ್ಗಿಸಿ ಹೇಳಿದರು. "ಏಮೀ ಅನುಕೋಕಮ್ಮಾ, ತಪ್ಪು ತಿಳ್ಕೋಬೇಡ. ನಿಮ್ಮ ಕಡೆ ಬಾಗಿಲ ಮೇಲೆ ನಾಳೆ ಬಾ ಅಂತ ಬರೀತಿದ್ರಲ್ಲಾ, ನಮ್ಮ ಕಡೆ ರೇಪು ರಾ ಅಂತ. ಸುಮ್ಮನೆ ಬರೀತಾರಾ? ನಮ್ಮೋರ ದನಿಯಲ್ಲೇ ಕರೀತದೆ ಅದು. ಆಳು ಕಾಣದೆ 'ಓ' ಅನಬಾರದಮ್ಮಾ. ನೀನು ದಿನಾ ಅಂತಿದ್ದೀ."

"ಅಯ್ಯೋ ಪಿನ್ನಿಗಾರೂ, ಅದು ರಾತ್ರಿ ಬರೋ ದೆವ್ವಕ್ಕೆ. ಇದು ಹಾಡಹಗಲಲ್ಲಿ ಕಣ್ಣಿಗೆ ಕಾಣೋ ಹಕ್ಕಿ" ಅಂತ ಸುಮಿತ್ರಾ ನಕ್ಕುಬಿಟ್ಟಳು. ನಕ್ಕಳೇ ಹೊರತು ಅವರ ಮುಖ ನೋಡಲಿಲ್ಲ. ಕಿವಿ ಮರದ ಮೇಲೇ ಇತ್ತು.

ಆ ವಾರ ಬಂದ ಇಲ್ಲಿನ ಥೆರಪಿ ಹುಡುಗಿ ಧನಂಜಯನ ಮುಂದೆ ಬಹಳ ಹೊತ್ತು ಕೂತು, ಕೊನೆಗೆ ಕೇಳಿದಳು. "ಆಂಟಿ, ಇವರು 'ಇಲ್ನೋಡು' ಅಂದು ಎಷ್ಟು ದಿನ ಆಯ್ತು?"

ಸುಮಿತ್ರಾಗೆ ತಕ್ಷಣ ಬಾಯಿಗೆ ಬಂದ ಉತ್ತರ, ಬೆಳಿಗ್ಗೆ ತಾನೇ ಅಂದರಲ್ಲ ಅಂತ. ಅಂದದ್ದು ಯಾರು ಅಂತ ಆಮೇಲೆ ನೆನಪಾಯಿತು. ಗಂಡ ಅವಳನ್ನೇ ನೋಡುತ್ತಿದ್ದ. ತುಟಿ ಅಲುಗಿತು, ಗಾಳಿ ಹೊರಬಂತು, ಅಷ್ಟೇ. ಇನ್ನು ಹಿತ್ತಲಿಗೆ ಕಾಲಿಡುವುದಿಲ್ಲ ಅಂತ ಅವಳು ಸಿಂಹಾಚಲದ ಸ್ವಾಮಿಯ ಮೇಲೆ ಆಣೆ ಹಾಕಿಕೊಂಡಳು. ಕಿಟಕಿಯ ಬಾಗಿಲನ್ನೂ ಮುಚ್ಚಿದಳು.

ಮಾರನೆಯ ಮಧ್ಯಾಹ್ನ ಗಂಡನ ಎದುರು ಕೂತು ರಾಗಿ ಗಂಜಿ ಉಣ್ಣಿಸುತ್ತಿದ್ದಳು. ಅವನಿಗೆ ನುಂಗುವುದು ಕಷ್ಟ. ಚಮಚ ಚಮಚ ಹಾಕಿ, ಗಂಟಲು ಇಳಿಯುವವರೆಗೂ ಕಾದು, ಮತ್ತೆ ಹಾಕಬೇಕು. ತುತ್ತು ಬಾಯಲ್ಲಿರುವಾಗ ಅವನನ್ನು ಬಿಟ್ಟು ಏಳಲೇಬಾರದು ಅಂತ ಡಾಕ್ಟರು ಎಚ್ಚರಿಸಿದ್ದರು. ಮುಚ್ಚಿದ ಕಿಟಕಿಯಾಚೆಯಿಂದ "ಸುಮೀ" ಅಂತ ಕೇಳಿತು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಚಮಚ ತುಂಬಿ ಬಾಯಿಗಿಟ್ಟಳು.

ಹೊರಗೆ ಬಸ್ಸಿನ ಹಾರನ್ ಕೇಳಿತು. ಬೆಟ್ಟದ ಬುಡದ ಆ ಓಣಿಗೆ ಬಸ್ಸು ಬರುವುದೇ ಇಲ್ಲ. ಎಡೆಬಿಡದ, ಕರ್ಕಶ ಹಾರನ್, ಅದರ ಹಿಂದೆಯೇ ಮಾತು.

"ಸುಮಿ, ಬಲಗೈ ಯಾಕೋ ಎತ್ತಕ್ಕೇ ಆಗ್ತಿಲ್ಲ ಕಣೇ. ಹೆದರ್ಕೋಬೇಡ."

ಅದು ಯಾವ ವಿಡಿಯೋದಲ್ಲೂ ಇರಲಿಲ್ಲ. ಪ್ರಪಂಚದಲ್ಲಿ ಅದನ್ನು ಆಡಿದವನು ಒಬ್ಬ, ಕೇಳಿದವಳು ಒಬ್ಬಳು. ಮಗಳಿಗೆ ಕೂಡ ಅವಳು ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿರಲಿಲ್ಲ. ಆದರೂ ಅವಳ ಕಾಲು ತಾವಾಗಿ ಎದ್ದವು, ಆಣೆ ಗೀಣೆ ಎಲ್ಲ ಎಲ್ಲಿಗೋ ಹೋಯಿತು. ಅಂದು ಫೋನಿನಲ್ಲಿ ಕೇಳಿಯೂ ಓಡಿ ಬರಲಾಗದವಳು ಇಂದು ಬಟ್ಟಲು ನೆಲಕ್ಕಿಟ್ಟು ಓಡಿದಳು.

"ಬಂದೆ ರೀ! ಇಲ್ಲೇ ಇದೀನಿ! ಬಂದೆ!"

ಮರದ ಕೆಳಗೆ ಉದುರಿದ ಕೆಂಪು ಹೂವಿನ ಮೇಲೆ ನಿಂತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮೇಲೆ ಹಕ್ಕಿ ಮತ್ತೆ ಅದನ್ನೇ ಅಂದಿತು, ಹಾರನ್ನಿನ ಸಮೇತ. "ಹೆದರ್ಕೋಬೇಡ." ಅವಳು ಇನ್ನೊಮ್ಮೆ ಕೇಳಬೇಕೆಂದು ಕಾದಳು. ಅಷ್ಟರಲ್ಲಿ ಕವಳಿಯ ಬುಡದಲ್ಲಿ ಹರಟೆಮಲ್ಲವೊಂದು ಹುಳು ಎಳೆಯಿತು. ಭೀಮರಾಜ ತಟ್ಟನೆ ದನಿ ಬದಲಿಸಿ ಕೂಗಿತು. ಹರಟೆಮಲ್ಲ ಬಾಯಲ್ಲಿದ್ದದ್ದನ್ನು ಬಿಟ್ಟು ಓಡಿತು.

ಸುಮಿತ್ರಾ ನೆಲದ ಮೇಲೆ ಹೊರಳುತ್ತಿದ್ದ ಹುಳುವನ್ನು ನೋಡಿದಳು. ತಾನೂ ಬಿಟ್ಟು ಬಂದದ್ದು ಏನು ಅಂತ ಆಗ ಹೊಳೆಯಿತು.

ಒಳಗೆ ಧನಂಜಯನ ತಲೆ ಪಕ್ಕಕ್ಕೆ ವಾಲಿತ್ತು. ತುಟಿ ನೀಲಿಯಾಗಿತ್ತು. ಗಂಜಿ ಗಂಟಲಲ್ಲಿ ಸಿಕ್ಕಿಕೊಂಡು ಎಡಗೈ ಹೊದಿಕೆಯನ್ನು ಕಿತ್ತು ಕಿತ್ತು ಎಳೆಯುತ್ತಿತ್ತು. ಕೆಮ್ಮಲು ಅವನಲ್ಲಿ ಕೆಮ್ಮಿರಲಿಲ್ಲ, ಕರೆಯಲು ಮಾತಿರಲಿಲ್ಲ. ಅವಳು ಅವನನ್ನು ಬಾಚಿ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು, ಬಾಯೊಳಗೆ ಬೆರಳು ಹಾಕಿ ಬಳಿದಳು, ಮತ್ತೆ ಗುದ್ದಿದಳು. ಲಕ್ಷ್ಮೀಕಾಂತಮ್ಮ ಅವಳ ಚೀರಾಟ ಕೇಳಿ ಓಡಿಬಂದರು. ಕೊನೆಗೆ ಅವನು ದೊಡ್ಡದಾಗಿ ಉಸಿರೆಳೆದ. ಬದುಕಿದ. ಅವನ ಕಣ್ಣಲ್ಲಿ ನೀರಿತ್ತು, ಕೋಪವಿರಲಿಲ್ಲ. ಕೋಪವಾದರೂ ಇದ್ದಿದ್ದರೆ ಅವಳಿಗೆ ತಡೆದುಕೊಳ್ಳಬಹುದಿತ್ತು.

ಅವನನ್ನು ಲಕ್ಷ್ಮೀಕಾಂತಮ್ಮನ ಕೈಗೊಪ್ಪಿಸಿ, ಅವಳು ಕಾಯಿ ಸುಲಿಯುವ ಮಚ್ಚು ಹಿಡಿದು ಹಿತ್ತಲಿಗೆ ಬಂದಳು. ಹಾಲುವಾಣದ್ದು ಮೆದು ಮರ, ನಾಲ್ಕು ಏಟಿಗೆ ಉರುಳುತ್ತಿತ್ತು. ಮಚ್ಚು ಎತ್ತಿದಳು.

"ಇಲ್ನೋಡು" ಅಂದಿತು ಮೇಲಿನಿಂದ ಗಂಡನ ದನಿ, ಮೆತ್ತಗೆ.

ಅವಳ ಕೈ ಗಾಳಿಯಲ್ಲೇ ನಿಂತಿತು. ಮರ ಕಡಿದರೆ ಹಕ್ಕಿ ಬೆಟ್ಟಕ್ಕೆ ಹಾರಿಹೋಗುತ್ತದೆ. ಅದರ ಹೊಟ್ಟೆಯಲ್ಲಿರುವ ಗಂಡನ ಕೆಮ್ಮು, ಗುನುಗು, ಆ ಒಂದು ಮಾತು ಎಲ್ಲ ಅದರ ಜೊತೆಗೇ ಹೋಗುತ್ತದೆ. ಇದೂ ಹೋದ್ರೆ ಕಷ್ಟ ಅಂತ ವಿಜಯವಾಡದ ಥೆರಪಿ ಹುಡುಗಿ ಅಂದಿದ್ದು ನೆನಪಾಯಿತು. ಸುಮಿತ್ರಾ ಮಚ್ಚು ಕೆಳಗೆ ಹಾಕಿ, ಮರದ ಬುಡಕ್ಕೆ ಕೈ ಮುಗಿದಳು.

"ಅವರದ್ದು ಅವರಿಗೆ ಕೊಟ್ಬಿಡಪ್ಪಾ. ಅವರ ಹತ್ರ ಇರೋದೇ ಅಷ್ಟು. ನಿಂಗೆ ಬೇಕೇ ಬೇಕು ಅಂದ್ರೆ ನಂದು ತಗೋ."

ಹಕ್ಕಿ ತಲೆ ಓರೆ ಮಾಡಿ ಅವಳ ತುಟಿಯನ್ನು ನೋಡಿತು. ಆಮೇಲೆ ಬಾಲದ ಎಳೆಗಳನ್ನು ತೂಗುತ್ತ ಕಾಡಿನ ಕಡೆಗೆ ಹಾರಿತು. ಸಂಜೆಯವರೆಗೂ ಹಿತ್ತಲಲ್ಲಿ ಒಂದು ಪಿಕಳಾರವೂ ಸದ್ದು ಮಾಡಲಿಲ್ಲ.

ಬೆಳಿಗ್ಗೆ ಅವಳು ಕಿಟಕಿ ತೆರೆದು, ಕಾಫಿ ಸೋಸುತ್ತಿದ್ದಳು. ಕೋಣೆಯಿಂದ ಕೆಮ್ಮು ಕೇಳಿತು. ಒಣಕೆಮ್ಮು, ಮಂಚದಿಂದಲೇ ಬಂದದ್ದು. ಅವಳು ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ದಿಂಬಿಗೊರಗಿದ ಧನಂಜಯ ಕಣ್ಣು ಮುಚ್ಚಿ, ಎಡಗೈಯಿಂದ ಹಾಸಿಗೆ ಒತ್ತಿ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಬಾಯಿಗೆ ತಂದು ಅಂದ.

"ಇಲ್... ನೋಡು."

ತೊದಲಿದ, ಸೊಟ್ಟಗಿನ, ಅವನದೇ ಮಾತು. ಸುಮಿತ್ರಾಗೆ ಆದ ಸಂತೋಷ ಇಷ್ಟೆಂದು ಹೇಳಲಾಗದು. ಬಂದೆ ರೀ ಅನ್ನಲು ಬಾಯಿ ತೆರೆದಳು. ಗಾಳಿ ಬಂತು. ಮತ್ತೆ ತೆರೆದಳು. ಗಂಟಲನ್ನು ಕೈಯಿಂದ ಒತ್ತಿ ಹಿಡಿದು ಇನ್ನೊಮ್ಮೆ ಪ್ರಯತ್ನಿಸಿದಳು. ಬರೀ ಗಾಳಿ.

"ಬಂದೆ ರೀ, ಬಂದೆ" ಅಂತ ಹಾಲುವಾಣದಿಂದ ಕೇಳಿತು. ಮದುವೆಯಾದ ಹೊಸದರಲ್ಲಿ ಇದ್ದಂಥ, ದಣಿವೇ ಕಾಣದ ಅವಳ ದನಿ.

ಧನಂಜಯ ಕಣ್ಣು ಬಿಟ್ಟ. ಬಾಗಿಲ ಕಡೆ ನೋಡಲೇ ಇಲ್ಲ. ಮುಖವನ್ನು ಕಿಟಕಿಗೆ ತಿರುಗಿಸಿ, ಬಾಯಿ ಸೊಟ್ಟ ಮಾಡಿಕೊಂಡು ನಕ್ಕ.

ಸುಮಿತ್ರಾ ಲೋಟವನ್ನು ಕೆಳಗಿಟ್ಟು, ಹಿತ್ತಲ ಬಾಗಿಲು ದಾಟಿ, ಗಂಡನ ಕಣ್ಣಿಗೆ ಬೀಳುವ ಹಾಗೆ ಮರದ ಕೆಳಗೆ ಹೋಗಿ ನಿಂತಳು.